ಕ್ಯಾಮೆರಾ ಅಂಗಡಿಯೂ ಬೆಳಕಿನ ಲೆಕ್ಕವೂ

ಛಾಯಾಚಿತ್ರಣವು ಒಂದು ಕಾಲಕ್ಕೆ ಅರಮನೆಯವರ, ದೊಡ್ಡ ಅಧಿಕಾರಿಗಳ ಮತ್ತು ಪಟ್ಟಣದ ಸಿರಿವಂತರ ಹವ್ಯಾಸವಾಗಿತ್ತು. ಇಂದು ಅದು ಹಳ್ಳಿಯ ಯುವಕರ ಜೀವನೋಪಾಯವೂ ಆಗಿದೆ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯನ್ನೇ ತೆಗೆದುಕೊಳ್ಳೋಣ. ಮದುವೆ, ನಾಮಕರಣ, ಗೃಹಪ್ರವೇಶ, ಊರಹಬ್ಬ, ಯಾವುದೇ ಇರಲಿ, ಪುರೋಹಿತರಷ್ಟೇ ಅಗತ್ಯವಾಗಿ ಕ್ಯಾಮೆರಾ ಹಿಡಿದವನೊಬ್ಬನು ಅಲ್ಲಿ ಇರಬೇಕು. ಆದುದರಿಂದ ಪದವಿಯ ಕೊನೆಯ ವರ್ಷಕ್ಕೆ ಬಂದ ನಮ್ಮ ಸಹಪಾಠಿಗಳಲ್ಲಿ ಕೆಲವರು, ನೌಕರಿಗಾಗಿ ಅಲೆಯುವುದಕ್ಕಿಂತ ಒಂದು ಕ್ಯಾಮೆರಾ ಕೊಂಡು ಸ್ವಂತ ಕಸುಬು ಹೂಡುವುದೇ ಲೇಸೆಂದು ಯೋಚಿಸುವುದು ಸಹಜವಾಗಿದೆ.

ಯೋಚನೆ ಒಳ್ಳೆಯದೇ. ಆದರೆ ಬಂಡವಾಳ ಎಲ್ಲಿಂದ ಬರಬೇಕು? ರೇಷ್ಮೆ ಬೆಳೆಯುವ ಮನೆಯಾದರೆ ಒಂದೆರಡು ಬೆಳೆಯ ಗೂಡಿನ ಹಣ, ಇಲ್ಲವಾದರೆ ತಾಯಿಯ ಒಡವೆ, ಅದೂ ಇಲ್ಲವಾದರೆ ಕಂತಿನ ಸಾಲ. ಒಂದು ಲಕ್ಷ ರೂಪಾಯಿಯ ಸಾಮಾನನ್ನು ಇಪ್ಪತ್ತನಾಲ್ಕು ಕಂತುಗಳಲ್ಲಿ ತೀರಿಸುವುದಾದರೆ, ಬಡ್ಡಿಯನ್ನು ಬಿಟ್ಟೇ ತಿಂಗಳಿಗೆ ೪,೧೬೭ ರೂಪಾಯಿ ಆಗುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ, ಧನುರ್ಮಾಸದಲ್ಲಿಯೂ ಇಲ್ಲ. ಆದರೆ ಕಂತಿಗೆ ಆಷಾಢವೂ ಇಲ್ಲ, ಧನುರ್ಮಾಸವೂ ಇಲ್ಲ. ಇಂಥ ಹಣವನ್ನು ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿನ ಕ್ಯಾಮೆರಾ ಅಂಗಡಿಯ ಮೆಟ್ಟಿಲು ಹತ್ತುವವನಿಗೆ ಕೆಲವು ಸಂಗತಿಗಳು ಮೊದಲೇ ತಿಳಿದಿರಬೇಕು. ಅಂಗಡಿಯಲ್ಲಿ ದೊರೆಯುವುದು ಬೆಳಕನ್ನು ಹಿಡಿಯುವ ಪೆಟ್ಟಿಗೆ. ಬೆಳಕಿನ ಲೆಕ್ಕ ಅಲ್ಲಿ ಮಾರಾಟಕ್ಕಿಲ್ಲ. ಆ ಲೆಕ್ಕವನ್ನು ಬಲ್ಲವನಿಗೆ ಅರ್ಧ ಹಣದ ಸಾಮಾನು ಸಾಕು, ಅರಿಯದವನಿಗೆ ಎಷ್ಟು ಹಣದ ಸಾಮಾನಾದರೂ ಸಾಲದು. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕತ್ತಲೆ ಕೋಣೆ

ಕ್ಯಾಮೆರಾ ಎಂಬ ಶಬ್ದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಕೋಣೆ ಎಂದು ಅರ್ಥ. ಕತ್ತಲೆಯ ಕೋಣೆಯೊಂದಕ್ಕೆ ಸಣ್ಣ ರಂಧ್ರವಿದ್ದರೆ ಹೊರಗಿನ ದೃಶ್ಯವು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬೆಳಕು ನೇರವಾದ ಗೆರೆಯಲ್ಲಿ ಚಲಿಸುವುದೇ ಇದಕ್ಕೆ ಕಾರಣ. ಮೇಲಿನಿಂದ ಬಂದ ಕಿರಣ ರಂಧ್ರವನ್ನು ದಾಟಿ ಕೆಳಕ್ಕೆ ಹೋಗುತ್ತದೆ, ಕೆಳಗಿನಿಂದ ಬಂದದ್ದು ಮೇಲಕ್ಕೆ ಏರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಅರಬ್ ವಿದ್ವಾಂಸ ಇಬ್ನ್ ಅಲ್ ಹೈತಮನು ಈ ವಿಷಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದನು. ಇದನ್ನು ಕಣ್ಣಾರೆ ಕಾಣಲು ನಾವು ದೂರ ದೇಶಕ್ಕೆ ಹೋಗಬೇಕಾಗಿಲ್ಲ. ಹಂಪೆಯ ವಿರೂಪಾಕ್ಷ ದೇವಾಲಯದ ಒಳಗೊಂದು ಕತ್ತಲೆಯ ಕೋಣೆಯಲ್ಲಿ, ಗೋಡೆಯ ಕಿಂಡಿಯಿಂದ ಬಂದ ಬೆಳಕು ಮಹಾಗೋಪುರವನ್ನೇ ತಲೆಕೆಳಗಾಗಿ ಬರೆದು ತೋರಿಸುತ್ತದೆ. ಯಾತ್ರಿಕರೆಲ್ಲರೂ ನೋಡಿ ಬೆರಗಾಗುವ ಆ ನೆರಳೇ ಎಲ್ಲ ಕ್ಯಾಮೆರಾಗಳ ಮೂಲತತ್ತ್ವ.

ಮೂಡಿದ ಚಿತ್ರವನ್ನು ಅಳಿಯದಂತೆ ನಿಲ್ಲಿಸುವ ವಿದ್ಯೆ ಬಹಳ ತಡವಾಗಿ ಬಂತು. ಫ್ರಾನ್ಸಿನ ದಾಗೇರನ ವಿಧಾನವು ೧೮೩೯ರ ಆಗಸ್ಟ್ ೧೯ರಂದು ಬಹಿರಂಗವಾಯಿತು. ಆ ದಿನವನ್ನೇ ಇಂದಿಗೂ ವಿಶ್ವ ಛಾಯಾಗ್ರಹಣ ದಿನವೆಂದು ಆಚರಿಸುತ್ತಾರೆ. ಹದಿನೈದೇ ವರ್ಷಗಳಲ್ಲಿ ಈ ವಿದ್ಯೆ ನಮ್ಮ ನಾಡನ್ನು ಮುಟ್ಟಿತು. ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು ೧೮೫೪ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಬೇಲೂರು, ಹಳೇಬೀಡುಗಳ ಶಿಲ್ಪವನ್ನು ಚಿತ್ರಿಸಿದನು. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಹಂಪೆಯ ಅವಶೇಷಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದಗಳ ಮೇಲೆ ಹಿಡಿದನು. ಆ ಕಾಗದಗಳು ಕಾಲವನ್ನು ಗೆದ್ದು ಉಳಿದವು. ೧೯೮೦ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಯಾವ ಕಂಬ ಬಿದ್ದಿದೆ, ಯಾವ ಗೋಡೆ ಉಳಿದಿದೆ ಎಂಬುದನ್ನು ಹೋಲಿಸಿ ನೋಡಲು ಸಾಧ್ಯವಾಯಿತು.

ಪೆಟ್ಟಿಗೆ ಬದಲಾದ ಬಗೆ

ಆರಂಭದ ಛಾಯಾಗ್ರಾಹಕನು ಗಾಜಿನ ಫಲಕ, ರಾಸಾಯನಿಕ, ಗುಡಾರ ಎಲ್ಲವನ್ನೂ ಹೊತ್ತು ತಿರುಗಬೇಕಾಗಿತ್ತು. ೧೮೮೮ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ನೂರು ಚಿತ್ರಗಳ ಸುರುಳಿಯನ್ನು ತುಂಬಿದ ಕೊಡಾಕ್ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದನು. ೧೯೦೦ರಲ್ಲಿ ಒಂದು ಡಾಲರಿನ ಬ್ರೌನಿ ಬಂತು. ೧೯೨೫ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾ ಸಿನಿಮಾದ ೩೫ ಮಿ.ಮೀ. ಫಿಲ್ಮನ್ನು ಬಳಸಿ, ಅಂಗೈಯಲ್ಲಿ ಹಿಡಿಯುವ ಯಂತ್ರವನ್ನು ಸಾಧ್ಯಗೊಳಿಸಿತು. ಅದರ ಚಿತ್ರದ ಅಳತೆ ೩೬ × ೨೪ ಮಿ.ಮೀ. ಇಂದಿನ ಅಂಗಡಿಯವರು ಫುಲ್ ಫ್ರೇಮ್ ಎಂದು ಕರೆಯುವುದು ಇದೇ ಅಳತೆಯನ್ನು.

ನಮ್ಮ ದೇಶವೂ ಸುಮ್ಮನೆ ಕುಳಿತಿರಲಿಲ್ಲ. ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಅವರು ೧೯೪೦ರ ದಶಕದಿಂದ ಮರ ಮತ್ತು ಹಿತ್ತಾಳೆಯಿಂದ ವಾಗೀಶ್ವರಿ ಕ್ಯಾಮೆರಾ ತಯಾರಿಸಿದರು. ಸ್ಟುಡಿಯೋದಲ್ಲಿ ಕಪ್ಪು ಬಟ್ಟೆ ಹೊದ್ದು ಚಿತ್ರ ತೆಗೆಯುತ್ತಿದ್ದವರಲ್ಲಿ ಅನೇಕರಿಗೆ ಅದು ಅನ್ನ ಕೊಟ್ಟಿತು. ಬರೋಡದಲ್ಲಿ ತಯಾರಾದ ಆಗ್ಫಾ ಕ್ಲಿಕ್ ೩ ಮಧ್ಯಮ ವರ್ಗದ ಮನೆಗಳನ್ನು ಸೇರಿತು. ೧೨೦ ಎಂಬ ಅಳತೆಯ ಫಿಲ್ಮಿನಲ್ಲಿ ಅದು ಹನ್ನೆರಡು ಚೌಕ ಚಿತ್ರಗಳನ್ನು ಕೊಡುತ್ತಿತ್ತು. ಉದಕಮಂಡಲದಲ್ಲಿ ೧೯೬೦ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯು ಇಂದು ಎಂಬ ಹೆಸರಿನ ಫಿಲ್ಮು ಮತ್ತು ಕಾಗದವನ್ನು ಒದಗಿಸಿತು. ಇವೆಲ್ಲವೂ ಈಗ ನಿಂತುಹೋಗಿವೆ.

ನಿಲ್ಲಲು ಕಾರಣವಾದ ಸಂಗತಿ ೧೯೭೫ರಲ್ಲಿ ಕೊಡಾಕ್ ಕಂಪನಿಯ ಒಳಗೇ ನಡೆಯಿತು. ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರು ಫಿಲ್ಮಿಲ್ಲದ ಕ್ಯಾಮೆರಾವನ್ನು ಜೋಡಿಸಿದನು. ಒಂದು ಚಿತ್ರಕ್ಕೆ ಹತ್ತು ಸಾವಿರ ಚುಕ್ಕೆಗಳು, ಅದನ್ನು ಕ್ಯಾಸೆಟ್ಟಿನಲ್ಲಿ ಬರೆದುಕೊಳ್ಳಲು ೨೩ ಸೆಕೆಂಡು. ನೋಡಿದವರಿಗೆ ಅದು ಆಟಿಕೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಕಾಲಾನಂತರ ಅದೇ ವಿದ್ಯೆ ಫಿಲ್ಮಿನ ವ್ಯಾಪಾರವನ್ನು ನುಂಗಿತು. ೨೦೧೨ರ ಜನವರಿಯಲ್ಲಿ ಕೊಡಾಕ್ ಕಂಪನಿಯೇ ದಿವಾಳಿ ರಕ್ಷಣೆಯನ್ನು ಬೇಡಬೇಕಾಯಿತು. ಯಂತ್ರವನ್ನೇ ನೆಚ್ಚಿದವರ ಗತಿ ಏನೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಅಂಗಡಿಯಲ್ಲಿ ಈಗ ಇರುವುದೇನು?

ಬೆಂಗಳೂರಿನ ಜಿ.ಕೆ. ವೇಲ್ ಎಂಬ ಹೆಸರನ್ನು ಕೇಳದ ಹಳಬರು ವಿರಳ. ೧೯೧೦ರಲ್ಲಿ ದಂಡು ಪ್ರದೇಶದಲ್ಲಿ ಆರಂಭವಾದ ಈ ಸಂಸ್ಥೆ, ಭಾವಚಿತ್ರದ ಸ್ಟುಡಿಯೋ ಆಗಿ ಹೆಸರು ಮಾಡಿ, ಕಾಲಕ್ಕೆ ತಕ್ಕಂತೆ ಫಿಲ್ಮು ತೊಳೆಯುವುದನ್ನೂ ಪ್ರಿಂಟು ಹಾಕುವುದನ್ನೂ ಕ್ಯಾಮೆರಾ ಮಾರುವುದನ್ನೂ ನಡೆಸಿತು. ಇಂಥ ಅಂಗಡಿಗಳು ಬರಿಯ ಮಾರಾಟದ ಸ್ಥಳಗಳಲ್ಲ. ಹೊಸ ಕ್ಯಾಮೆರಾ ಬಂದಾಗ ಕಂಪನಿಯ ಪ್ರತಿನಿಧಿಗಳು ಬಂದು ಪ್ರದರ್ಶನ ಕೊಡುವುದು, ಲೆನ್ಸುಗಳನ್ನು ಕೈಗೆ ಕೊಟ್ಟು ಪರೀಕ್ಷಿಸಲು ಬಿಡುವುದು, ಸೆನ್ಸರಿನ ಧೂಳು ತೆಗೆಯುವ ಶಿಬಿರ, ಅನುಭವಿಗಳ ಉಪನ್ಯಾಸ, ಮುಂಜಾನೆ ಗುಂಪಾಗಿ ಹೋಗಿ ಚಿತ್ರ ತೆಗೆಯುವ ನಡಿಗೆ, ಇವೆಲ್ಲ ದೊಡ್ಡ ಊರುಗಳ ಕ್ಯಾಮೆರಾ ಅಂಗಡಿಗಳಲ್ಲಿ ನಡೆಯುವ ಕಾರ್ಯಕ್ರಮಗಳು. ಕೊಳ್ಳದೆಯೂ ಇವುಗಳಿಗೆ ಹೋಗಬಹುದು. ಕೊಳ್ಳುವ ಮುನ್ನ ಹೋಗುವುದೇ ಮೇಲು.

ಇಂದಿನ ಅಂಗಡಿಯ ಹೊಸ ಸಾಮಾನೆಂದರೆ ಮಿರರ್‌ಲೆಸ್, ಅಂದರೆ ಕನ್ನಡಿಯಿಲ್ಲದ ಕ್ಯಾಮೆರಾ. ಹಿಂದೆ ಕನ್ನಡಿ ಏಕೆ ಇತ್ತು? ಫಿಲ್ಮಿನ ಮೇಲೆ ಬೀಳುವ ಚಿತ್ರವನ್ನು ಮೊದಲೇ ನೋಡುವಂತಿರಲಿಲ್ಲ, ನೋಡಲು ಹೋದರೆ ಫಿಲ್ಮು ಕೆಡುತ್ತಿತ್ತು. ಆದ್ದರಿಂದ ಲೆನ್ಸಿನ ಹಿಂದೆ ಓರೆಯಾಗಿ ಕನ್ನಡಿಯನ್ನಿಟ್ಟು ಬೆಳಕನ್ನು ಕಣ್ಣಿನ ಕಡೆಗೆ ತಿರುಗಿಸುತ್ತಿದ್ದರು. ಗುಂಡಿ ಒತ್ತಿದೊಡನೆ ಕನ್ನಡಿ ಮೇಲಕ್ಕೆ ಎದ್ದು ಬೆಳಕಿಗೆ ದಾರಿ ಬಿಡುತ್ತಿತ್ತು. ಡಿ.ಎಸ್.ಎಲ್.ಆರ್. ಎಂಬ ಕ್ಯಾಮೆರಾಗಳೂ ಇದೇ ಏರ್ಪಾಟನ್ನು ಮುಂದುವರಿಸಿದವು. ಆದರೆ ಸೆನ್ಸರು ಫಿಲ್ಮಿನಂತಲ್ಲ. ಅದು ತನ್ನ ಮೇಲೆ ಬಿದ್ದ ಚಿತ್ರವನ್ನು ಆ ಕ್ಷಣವೇ ಪರದೆಗೆ ಕಳುಹಿಸಬಲ್ಲದು. ಹಾಗಾದ ಮೇಲೆ ಕನ್ನಡಿಯ ಅವಶ್ಯಕತೆ ತಪ್ಪಿತು. ೨೦೦೮ರಲ್ಲಿ ಪ್ಯಾನಸೋನಿಕ್ ಇಂಥ ಲೆನ್ಸು ಬದಲಾಯಿಸುವ ಕ್ಯಾಮೆರಾವನ್ನು ತಂದಿತು. ೨೦೧೩ರಲ್ಲಿ ಸೋನಿ ಫುಲ್ ಫ್ರೇಮ್ ಅಳತೆಯಲ್ಲಿ ತಂದಿತು. ೨೦೧೮ರಲ್ಲಿ ನಿಕಾನ್, ಕ್ಯಾನನ್ ಎರಡೂ ಆ ದಾರಿ ಹಿಡಿದವು.

ಇದರ ಲಾಭಗಳು ನಿಜವಾದವು. ಚಿತ್ರ ಎಷ್ಟು ಬೆಳಗಿರುತ್ತದೆಂದು ತೆಗೆಯುವ ಮೊದಲೇ ಕಾಣುತ್ತದೆ. ಮುಖದ ಕಣ್ಣನ್ನು ಯಂತ್ರವೇ ಹುಡುಕಿ ಸ್ಪಷ್ಟಗೊಳಿಸುತ್ತದೆ. ಧಾರೆ ಎರೆಯುವಾಗ ಟಕಟಕ ಸದ್ದಿಲ್ಲದೆ ಕೆಲಸ ಮಾಡಬಹುದು. ನಷ್ಟಗಳೂ ಇವೆ. ಪರದೆ ಸದಾ ಉರಿಯುವುದರಿಂದ ಬ್ಯಾಟರಿ ಬೇಗ ಮುಗಿಯುತ್ತದೆ, ಲೆನ್ಸು ಬದಲಾಯಿಸುವಾಗ ಸೆನ್ಸರಿನ ಮೇಲೆ ಧೂಳು ಸುಲಭವಾಗಿ ಕೂರುತ್ತದೆ. ನಮ್ಮ ಬಯಲುಸೀಮೆಯ ಬೇಸಗೆಯ ಧೂಳನ್ನು ನೆನೆದರೆ ಇದು ಸಣ್ಣ ಮಾತಲ್ಲ. ಇನ್ನೊಂದು ಸಂಗತಿಯುಂಟು. ಕನ್ನಡಿಯಿಲ್ಲದವುಗಳ ಮೇಲೆ ಎಲ್ಲರ ಕಣ್ಣು ಬಿದ್ದುದರಿಂದ ಹಳೆಯ ಡಿ.ಎಸ್.ಎಲ್.ಆರ್.ಗಳೂ ಅವುಗಳ ಲೆನ್ಸುಗಳೂ ಕೈಬದಲಿಯಲ್ಲಿ ಅಗ್ಗವಾಗಿ ಸಿಗುತ್ತಿವೆ. ಅವುಗಳ ಸೆನ್ಸರು ಒಂದು ರಾತ್ರಿಯಲ್ಲಿ ಕುರುಡಾಗಲಿಲ್ಲ. ಕಲಿಯುವವನಿಗೂ ಕಸುಬು ಆರಂಭಿಸುವವನಿಗೂ ಇದು ಅನುಕೂಲ.

ಲೆಕ್ಕದ ಮೂರು ಅಂಶಗಳು

ಬೆಳಕಿನ ಲೆಕ್ಕದಲ್ಲಿ ಇರುವುದು ಮೂರೇ ಅಂಶಗಳು. ತೋಟಕ್ಕೆ ನೀರು ಹಾಯಿಸುವ ಮನೆಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತೊಟ್ಟಿ ತುಂಬಬೇಕಾದರೆ ಕೊಳವೆ ಎಷ್ಟು ದಪ್ಪ, ನೀರು ಎಷ್ಟು ಹೊತ್ತು ಬಿಟ್ಟೆವು, ತೊಟ್ಟಿ ಎಷ್ಟು ದೊಡ್ಡದು ಎಂಬ ಮೂರನ್ನು ನೋಡುತ್ತೇವೆ. ಕ್ಯಾಮೆರಾದಲ್ಲಿ ಕೊಳವೆಯ ದಪ್ಪವೆಂದರೆ ಲೆನ್ಸಿನ ರಂಧ್ರ. ಹೊತ್ತು ಎಂದರೆ ಷಟರ್ ತೆರೆದಿರುವ ಕಾಲ. ತೊಟ್ಟಿ ಎಂದರೆ ಐ.ಎಸ್.ಒ. ಎಂಬ ಸಂವೇದನೆಯ ಅಂಕಿ. ಆ ಅಂಕಿ ಏರಿದಷ್ಟೂ ತೊಟ್ಟಿ ಚಿಕ್ಕದಾದಂತೆ, ಸ್ವಲ್ಪ ಬೆಳಕಿಗೇ ತುಂಬುತ್ತದೆ, ಆದರೆ ಚಿತ್ರದಲ್ಲಿ ಮರಳು ಚೆಲ್ಲಿದಂಥ ಚುಕ್ಕೆಗಳು ಹೆಚ್ಚುತ್ತವೆ.

ರಂಧ್ರದ ಅಂಕಿಗಳು ೧.೪, ೨, ೨.೮, ೪, ೫.೬, ೮, ೧೧, ೧೬ ಎಂದು ಸಾಗುತ್ತವೆ. ಇವನ್ನು ಎಫ್ ಅಂಕಿಗಳೆನ್ನುತ್ತಾರೆ. ಲೆನ್ಸಿನ ನಾಭಿದೂರವನ್ನು ಈ ಅಂಕಿಯಿಂದ ಭಾಗಿಸಿದರೆ ರಂಧ್ರದ ವ್ಯಾಸ ಬರುತ್ತದೆ. ೫೦ ಮಿ.ಮೀ. ಲೆನ್ಸು ಎಫ್ ೨ರಲ್ಲಿದ್ದರೆ ರಂಧ್ರ ೨೫ ಮಿ.ಮೀ., ಎಫ್ ೪ರಲ್ಲಿದ್ದರೆ ೧೨.೫ ಮಿ.ಮೀ. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲುಭಾಗವಾಗುತ್ತದೆಂದು ನಾವು ಪ್ರೌಢಶಾಲೆಯಲ್ಲಿಯೇ ಕಲಿತಿದ್ದೇವೆ. ಆದುದರಿಂದ ಈ ಸಾಲಿನಲ್ಲಿ ಒಂದೊಂದು ಮೆಟ್ಟಿಲು ಮುಂದೆ ಹೋದಂತೆ ಬೆಳಕು ಸರಿಯಾಗಿ ಅರ್ಧ ಅರ್ಧ ಇಳಿಯುತ್ತದೆ.

ಫಿಲ್ಮಿನ ಕಾಲದವರು ಒಂದು ಸೂತ್ರವನ್ನು ಬಾಯಿಪಾಠ ಮಾಡಿದ್ದರು. ನಿಚ್ಚಳವಾದ ಬಿಸಿಲಿನಲ್ಲಿ ರಂಧ್ರ ಎಫ್ ೧೬ ಇರಲಿ, ಫಿಲ್ಮಿನ ಅಂಕಿ ೧೦೦ ಆದರೆ ಷಟರ್ ೧/೧೦೦ ಸೆಕೆಂಡು ಇರಲಿ. ಇಂದಿನ ಯಾವ ಕ್ಯಾಮೆರಾದಲ್ಲಿಯೂ ಈ ಸೂತ್ರ ಹಾಗೆಯೇ ನಡೆಯುತ್ತದೆ. ಸೂರ್ಯನೂ ಬದಲಾಗಿಲ್ಲ, ವರ್ಗಮೂಲವೂ ಬದಲಾಗಿಲ್ಲ.

ಹುಳುಮನೆಯ ಉದಾಹರಣೆ

ನಮ್ಮ ಭಾಗದಲ್ಲಿ ಕ್ಯಾಮೆರಾಕ್ಕೆ ಕಠಿಣವಾದ ಪರೀಕ್ಷೆಯೆಂದರೆ ರೇಷ್ಮೆ ಹುಳು ಸಾಕುವ ಮನೆ. ಹೊರಗೆ ಹಿಪ್ಪುನೇರಳೆ ತೋಟದ ಮೇಲೆ ಉರಿಬಿಸಿಲು, ಒಳಗೆ ಮಬ್ಬುಬೆಳಕು. ಬೆಳಕನ್ನು ಅಳೆಯುವ ಲಕ್ಸ್ ಎಂಬ ಮಾನದಲ್ಲಿ ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ. ಹುಳುಮನೆಯ ಮೂಲೆಯಲ್ಲಿ ಮೂವತ್ತೇ ಇದೆ ಎಂದಿಟ್ಟುಕೊಳ್ಳೋಣ. ಅಂದರೆ ಬೆಳಕು ಮೂರು ಸಾವಿರದ ಮುನ್ನೂರು ಪಾಲು ಕಡಿಮೆ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಇದು ನಮಗೆ ಗೊತ್ತಾಗುವುದೇ ಇಲ್ಲ.

ಈಗ ಲೆಕ್ಕ ಹಾಕೋಣ. ರಂಧ್ರವನ್ನು ಎಫ್ ೧೬ರಿಂದ ಎಫ್ ೨ಕ್ಕೆ ತೆರೆದರೆ ಆರು ಮೆಟ್ಟಿಲು, ಅಂದರೆ ೬೪ ಪಾಲು ಬೆಳಕು ಹೆಚ್ಚಿತು. ಐ.ಎಸ್.ಒ. ಅಂಕಿಯನ್ನು ೧೦೦ರಿಂದ ೬,೪೦೦ಕ್ಕೆ ಏರಿಸಿದರೆ ಮತ್ತೆ ೬೪ ಪಾಲು. ಎರಡನ್ನೂ ಗುಣಿಸಿದರೆ ೪,೦೯೬. ಬೇಕಾದದ್ದು ೩,೩೦೦. ಷಟರನ್ನು ೧/೧೦೦ರಲ್ಲಿಯೇ ಇಟ್ಟು, ಫ್ಲಾಶು ಹೊಡೆಯದೆ, ಚಂದ್ರಿಕೆಯ ಮೇಲೆ ಗೂಡು ಕಟ್ಟುವ ಹುಳುವಿನ ಚಿತ್ರವನ್ನು ತೆಗೆಯಬಹುದು.

ಆದರೆ ಕ್ಯಾಮೆರಾದ ಜೊತೆಯಲ್ಲಿ ಬರುವ ಸಾಮಾನ್ಯ ಜೂಮ್ ಲೆನ್ಸು, ಹತ್ತಿರಕ್ಕೆ ಎಳೆದುಕೊಂಡಾಗ ಎಫ್ ೫.೬ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್ ೨ಕ್ಕೆ ಹೋಲಿಸಿದರೆ ಮೂರು ಮೆಟ್ಟಿಲು ಕೊರತೆ, ಎಂಟರಲ್ಲೊಂದು ಪಾಲು ಬೆಳಕು. ಷಟರನ್ನು ಎಂಟು ಪಟ್ಟು ಹೆಚ್ಚು ಹೊತ್ತು ತೆರೆಯಬೇಕು, ಅಂದರೆ ಸುಮಾರು ೧/೧೨ ಸೆಕೆಂಡು. ಅಷ್ಟು ಹೊತ್ತು ಕೈ ಅಲುಗದೆ ಇರಲಾರದು. ಇಲ್ಲಿ ಅನೇಕರು ಕ್ಯಾಮೆರಾವೇ ಸರಿಯಿಲ್ಲವೆಂದು ತೀರ್ಮಾನಿಸಿ ಎರಡು ಪಟ್ಟು ಬೆಲೆಯ ಮತ್ತೊಂದನ್ನು ಕೊಳ್ಳಲು ಹೊರಡುತ್ತಾರೆ. ಕೊರತೆ ಇರುವುದು ಕ್ಯಾಮೆರಾದಲ್ಲಲ್ಲ, ಕೊಳವೆಯ ದಪ್ಪದಲ್ಲಿ. ೫೦ ಮಿ.ಮೀ. ಎಫ್ ೧.೮ ಎಂಬ ಸಾದಾ ಲೆನ್ಸನ್ನು ಪ್ರಮುಖ ಕಂಪನಿಗಳೆಲ್ಲ ತಯಾರಿಸುತ್ತವೆ, ಅದು ಅವರ ಅಗ್ಗದ ಲೆನ್ಸುಗಳಲ್ಲಿ ಒಂದು. ಅದೂ ಬೇಡವಾದರೆ ಒಂದು ಗಟ್ಟಿಯಾದ ಮುಕ್ಕಾಲಿ ಸಾಕು, ಏಕೆಂದರೆ ಹಣ್ಣಾದ ಹುಳು ಅವಸರಪಡುವುದಿಲ್ಲ. ಮದುವೆಯಲ್ಲಿ ಮುಕ್ಕಾಲಿಯೊಂದೇ ಸಾಲದು, ಮನುಷ್ಯರು ಚಲಿಸುತ್ತಾರೆ. ಅಲ್ಲಿ ಲೆನ್ಸೇ ಬೇಕು. ಹೀಗೆ ಯಾವ ಕೆಲಸಕ್ಕೆ ಯಾವುದು ಎಂಬುದನ್ನು ಲೆಕ್ಕವೇ ಹೇಳುತ್ತದೆ.

ಬಿಳಿಯ ಗೂಡು, ಕರಿಯ ಎಮ್ಮೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬಿಳಿಯ ದ್ವಿತಳಿ ಗೂಡಿನ ರಾಶಿಯನ್ನು ಚಿತ್ರಿಸಿದರೆ ಅದು ಬೂದಿಬಣ್ಣಕ್ಕೆ ತಿರುಗಿದಂತೆ ಬರುತ್ತದೆ. ಕರಿಯ ಎಮ್ಮೆಯನ್ನು ಹತ್ತಿರದಿಂದ ಚಿತ್ರಿಸಿದರೆ ಅದೂ ಬೂದಿಯಾಗುತ್ತದೆ. ಯಂತ್ರದ ಒಳಗಿನ ಬೆಳಕಿನ ಮಾಪಕಕ್ಕೆ ವಸ್ತುವಿನ ಬಣ್ಣ ತಿಳಿಯದು. ಎದುರಿಗಿರುವುದೆಲ್ಲವೂ ಸರಾಸರಿ ನಡುಬೂದು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ೧೮ ಪಾಲನ್ನು ಹಿಂದಿರುಗಿಸುತ್ತದೆ ಎಂದು ನಂಬಿ ಅದು ಕೆಲಸ ಮಾಡುತ್ತದೆ. ಬಿಳಿಯನ್ನು ಕಂಡರೆ ಬೆಳಕು ಅತಿಯಾಯಿತೆಂದು ಕಡಿಮೆ ಮಾಡುತ್ತದೆ, ಕಪ್ಪನ್ನು ಕಂಡರೆ ಸಾಲದೆಂದು ಹೆಚ್ಚಿಸುತ್ತದೆ. ಪರಿಹಾರ ಸರಳ. ಬಿಳಿಗೆ ಒಂದು ಮೆಟ್ಟಿಲು ಕೂಡಿಸಬೇಕು, ಕಪ್ಪಿಗೆ ಒಂದು ಮೆಟ್ಟಿಲು ಕಳೆಯಬೇಕು. ಕೂಡು ಮತ್ತು ಕಳೆ ಗುರುತುಗಳ ಗುಂಡಿ ಬಹುತೇಕ ಎಲ್ಲ ಕ್ಯಾಮೆರಾಗಳಲ್ಲಿಯೂ ಇದೆ. ಬಿಳಿಯ ಪಂಚೆ ಶಲ್ಯದ ಮದುಮಗನ ಮುಖ ಮಸಿಯಂತೆ ಬರುವುದು ಇದೇ ಕಾರಣದಿಂದ. ಇದನ್ನು ಸರಿಪಡಿಸಲು ಕಾಸು ಖರ್ಚಿಲ್ಲ.

ಮಂಟಪದ ದೀಪಗಳ ಕೆಳಗೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಕಾಣಿಸಿಕೊಳ್ಳುವುದು ಮತ್ತೊಂದು ತೊಂದರೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರಿನಲ್ಲಿ ಸಾಮಾನ್ಯ ಸೆನ್ಸರು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನದ್ದು, ಆದ್ದರಿಂದ ಟ್ಯೂಬುದೀಪವೂ ಅಗ್ಗದ ಎಲ್.ಇ.ಡಿ. ದೀಪವೂ ಸೆಕೆಂಡಿಗೆ ನೂರು ಸಲ ಏರಿಳಿಯುತ್ತವೆ. ಒಂದು ಸಾಲು ಏರಿದ ಬೆಳಕನ್ನೂ ಮುಂದಿನ ಸಾಲು ಇಳಿದ ಬೆಳಕನ್ನೂ ಹಿಡಿದರೆ ಪಟ್ಟಿ ಮೂಡುತ್ತದೆ. ೨೦೨೩ರಲ್ಲಿ ಸೋನಿ ಕಂಪನಿಯು ಎಲ್ಲ ಸಾಲುಗಳನ್ನೂ ಏಕಕಾಲಕ್ಕೆ ಓದುವ ಗ್ಲೋಬಲ್ ಷಟರ್ ಉಳ್ಳ ಫುಲ್ ಫ್ರೇಮ್ ಕ್ಯಾಮೆರಾವನ್ನು ಪ್ರಕಟಿಸಿತು. ಅದು ದೊಡ್ಡ ಸಾಧನೆ, ಬೆಲೆಯೂ ದೊಡ್ಡದೇ. ನಮ್ಮ ಮಂಟಪದ ಮಟ್ಟಿಗೆ ಯಾಂತ್ರಿಕ ಷಟರನ್ನು ಬಳಸಿ ಅದನ್ನು ೧/೧೦೦ ಅಥವಾ ೧/೫೦ ಸೆಕೆಂಡಿನಲ್ಲಿ ಇಟ್ಟರೆ ಪ್ರತಿ ಸಾಲಿಗೂ ಏರಿಳಿತದ ಪೂರ್ತಿ ಸುತ್ತು ಸಿಗುತ್ತದೆ, ಬಹುಪಾಲು ಪಟ್ಟಿಗಳು ಮಾಯವಾಗುತ್ತವೆ.

ಮೆಗಾಪಿಕ್ಸೆಲ್ ಎಂಬ ಮೋಹ

ಜಾಹೀರಾತುಗಳು ಹೆಚ್ಚಾಗಿ ಕೂಗಿ ಹೇಳುವ ಅಂಕಿ ಇದು. ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕೆಗಳು. ಉತ್ತಮ ಪ್ರಿಂಟಿಗೆ ಒಂದು ಅಂಗುಲಕ್ಕೆ ೩೦೦ ಚುಕ್ಕೆ ಧಾರಾಳವಾಗಿ ಸಾಕು. ೧೨ × ೮ ಅಂಗುಲದ ಆಲ್ಬಮ್ ಚಿತ್ರಕ್ಕೆ ೩,೬೦೦ × ೨,೪೦೦, ಅಂದರೆ ಸುಮಾರು ೮೬ ಲಕ್ಷ ಚುಕ್ಕೆಗಳು, ಒಂಬತ್ತು ಮೆಗಾಪಿಕ್ಸೆಲಿಗೂ ಕಡಿಮೆ. ಇಪ್ಪತ್ತನಾಲ್ಕು ಮೆಗಾಪಿಕ್ಸೆಲಿನ ಕ್ಯಾಮೆರಾ ಇಪ್ಪತ್ತು ಅಂಗುಲ ಅಗಲದ ಪ್ರಿಂಟನ್ನು ಕೊಡುತ್ತದೆ. ಅದನ್ನು ನಲವತ್ತೆಂಟಕ್ಕೆ ಏರಿಸಿದರೆ ಪ್ರಿಂಟಿನ ಅಗಲ ಎರಡು ಪಟ್ಟಾಗುವುದಿಲ್ಲ, ೧.೪ ಪಟ್ಟು ಮಾತ್ರ ಆಗುತ್ತದೆ. ಮತ್ತೆ ಅದೇ ವರ್ಗಮೂಲ.

ಚುಕ್ಕೆಗಳ ಸಂಖ್ಯೆಗಿಂತ ಸೆನ್ಸರಿನ ವಿಸ್ತೀರ್ಣ ಮುಖ್ಯ. ಫುಲ್ ಫ್ರೇಮ್ ೮೬೪ ಚದರ ಮಿ.ಮೀ. ಇದ್ದರೆ, ಎ.ಪಿ.ಎಸ್.-ಸಿ ಎಂಬ ನಡುವಿನ ಅಳತೆ ಸುಮಾರು ೩೭೦. ಒಳ್ಳೆಯ ಫೋನಿನದು ಸುಮಾರು ೭೫ ಅಷ್ಟೆ. ಮಳೆನೀರನ್ನು ಹಿಡಿಯಲು ಲೋಟ ಇಟ್ಟರೂ ಆಗುತ್ತದೆ, ಹಂಡೆ ಇಟ್ಟರೂ ಆಗುತ್ತದೆ. ಹಗಲಿನ ಜಡಿಮಳೆಯಲ್ಲಿ ಲೋಟವೂ ತುಂಬುತ್ತದೆ, ತುಂತುರಿನಲ್ಲಿ ಹಂಡೆಗೆ ಮಾತ್ರ ಕುಡಿಯುವಷ್ಟು ದಕ್ಕುತ್ತದೆ. ಹಗಲಿನಲ್ಲಿ ಫೋನೂ ಸುಂದರವಾದ ಚಿತ್ರ ಕೊಡುವುದು, ಇರುಳಿನಲ್ಲಿ ತಡವರಿಸುವುದು ಈ ಕಾರಣದಿಂದಲೇ.

ಕೊಳ್ಳುವಾಗ ನೋಡತಕ್ಕವು

ಇಷ್ಟು ತಿಳಿದ ಮೇಲೆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ತಾವಾಗಿ ಹೊಳೆಯುತ್ತವೆ. ಹಣವನ್ನು ಮೊದಲು ಲೆನ್ಸಿನ ಮೇಲೆ, ನಂತರ ಕ್ಯಾಮೆರಾದ ಮೇಲೆ ಹಾಕುವುದು ಲೇಸು. ಕ್ಯಾಮೆರಾ ಕೆಲವು ವರ್ಷಗಳಲ್ಲಿ ಹಳತಾಗುತ್ತದೆ, ಲೆನ್ಸು ಬಹುಕಾಲ ಬಾಳುತ್ತದೆ. ಮದುವೆಯ ಕೆಲಸ ಮಾಡುವವರಿಗೆ ಎರಡು ಕಾರ್ಡುಗಳನ್ನು ಏಕಕಾಲಕ್ಕೆ ಬರೆಯುವ ಕ್ಯಾಮೆರಾ ಅವಶ್ಯಕ. ಕಾರ್ಡು ಕೆಟ್ಟರೆ ಬದಲಿ ಕಾರ್ಡು ಸಿಗುತ್ತದೆ, ಬದಲಿ ಮುಹೂರ್ತ ಸಿಗುವುದಿಲ್ಲ. ಮೆಗಾಪಿಕ್ಸೆಲಿಗೆ ಕೊಡುವ ಹೆಚ್ಚಿನ ಹಣವನ್ನು ಇದಕ್ಕೆ ಕೊಡುವುದು ವಿವೇಕ.

ಕೈಬದಲಿ ಸಾಮಾನು ಕೊಳ್ಳುವವರು ಷಟರ್ ಎಷ್ಟು ಬಾರಿ ಬಿದ್ದಿದೆಯೆಂದು ಕೇಳಿ ನೋಡಬೇಕು. ಸಾಧಾರಣ ಕ್ಯಾಮೆರಾಗಳ ಷಟರನ್ನು ಒಂದು ಲಕ್ಷದಿಂದ ಎರಡು ಲಕ್ಷ ಬಾರಿ ಬಾಳುವಂತೆ ರಚಿಸಿರುತ್ತಾರೆ. ಲೆನ್ಸನ್ನು ದೀಪಕ್ಕೆ ಎದುರು ಹಿಡಿದು ಒಳಗಡೆ ಜೇಡರ ಬಲೆಯಂಥ ಎಳೆಗಳಿವೆಯೇ ಎಂದು ಪರೀಕ್ಷಿಸಬೇಕು. ಅದು ತೇವದಿಂದ ಹುಟ್ಟುವ ಬೂಷ್ಟು, ಗಾಜನ್ನೇ ತಿನ್ನುತ್ತದೆ. ಹೊಸದನ್ನು ಕೊಳ್ಳುವವರು ಬಿಲ್ಲನ್ನೂ ಭಾರತದಲ್ಲಿ ನಡೆಯುವ ವಾರಂಟಿಯನ್ನೂ ಪಡೆಯದೆ ಹಿಂದಿರುಗಬಾರದು. ಬಿಲ್ಲಿಲ್ಲದೆ ಅಗ್ಗಕ್ಕೆ ಬಂದ ಸಾಮಾನು ಕೆಟ್ಟಾಗ ಅಗ್ಗವಾಗಿರುವುದಿಲ್ಲ. ವರ್ಷಕ್ಕೆ ನಾಲ್ಕು ದಿನ ಮಾತ್ರ ಬೇಕಾಗುವ ದೊಡ್ಡ ಲೆನ್ಸನ್ನು ಕೊಳ್ಳುವುದೇ ಬೇಡ. ಬೆಂಗಳೂರಿನಲ್ಲಿ ಅವು ದಿನಬಾಡಿಗೆಗೆ ಸಿಗುತ್ತವೆ. ಬಾಡಿಗೆಯ ಹಣವನ್ನು ಆ ಮದುವೆಯ ಸಂಭಾವನೆಯಲ್ಲಿಯೇ ಲೆಕ್ಕಕ್ಕೆ ಹಿಡಿಯಬಹುದು.

ಗುರುಗಳೂ ಸಂಘಗಳೂ

ಯಂತ್ರಕ್ಕಿಂತ ವಿದ್ಯೆ ಮೇಲೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಗಳಿವೆ. ೧೯೨೩ರಲ್ಲಿ ಮೈಸೂರಿನಲ್ಲಿ ಜನಿಸಿದ ವಿ.ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತವರು. ೧೯೫೯ರ 'ಕಾಗಜ್ ಕೆ ಫೂಲ್' ಎಂಬ ಹಿಂದಿ ಚಿತ್ರದಲ್ಲಿ, ಕತ್ತಲೆಯ ಸ್ಟುಡಿಯೋದ ನಡುವೆ ಮೇಲಿನಿಂದ ಇಳಿಯುವ ಬೆಳಕಿನ ಕಂಬವನ್ನು ನಿರ್ಮಿಸಲು ಅವರು ಬಳಸಿದ್ದು ದುಬಾರಿ ದೀಪಗಳನ್ನಲ್ಲ. ಹೊರಗೊಂದು, ಒಳಗೊಂದು ದೊಡ್ಡ ಕನ್ನಡಿಯನ್ನಿಟ್ಟು ಸೂರ್ಯನ ಬಿಸಿಲನ್ನೇ ಒಳಕ್ಕೆ ತಂದರು. ೨೦೦೮ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಅದೇ ವರ್ಷ, ಅದೇ ಮೈಸೂರಿನಲ್ಲಿ ಜನಿಸಿದ ಟಿ.ಎಸ್. ಸತ್ಯನ್ ಅವರು ಪತ್ರಿಕಾ ಛಾಯಾಗ್ರಾಹಕರಾಗಿ ಸಾಮಾನ್ಯ ಜನರ ಬದುಕನ್ನು ಚಿತ್ರಿಸಿದರು. ೧೯೭೭ರಲ್ಲಿ ಪದ್ಮಶ್ರೀ ಪಡೆದ ಅವರು ತಮ್ಮ ನೆನಪುಗಳನ್ನು 'ಕಾಲಕ್ಕೆ ಕನ್ನಡಿ' ಎಂಬ ಪುಸ್ತಕವಾಗಿ ಕನ್ನಡದಲ್ಲಿಯೇ ಬರೆದಿದ್ದಾರೆ. ಹಳ್ಳಿಯ ವಿದ್ಯಾರ್ಥಿಗೆ ಓದಲು ಇದಕ್ಕಿಂತ ಒಳ್ಳೆಯ ಜೊತೆ ಬೇರೆ ಬೇಕಿಲ್ಲ.

ಡಾ. ಜಿ. ಥಾಮಸ್ ಅವರ ಶ್ರಮದಿಂದ ೧೯೫೩ರಲ್ಲಿ ಭಾರತೀಯ ಛಾಯಾಗ್ರಾಹಕರ ಒಕ್ಕೂಟ ಸ್ಥಾಪಿತವಾದದ್ದು ಬೆಂಗಳೂರಿನಲ್ಲಿಯೇ. ೧೯೭೧ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇಲ್ಲಿಯ ಮತ್ತೊಂದು ಹಿರಿಯ ಸಂಘ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮೊದಲಾದವರು ಬೆಂಗಳೂರಿನಲ್ಲಿದ್ದುಕೊಂಡೇ ವನ್ಯಜೀವಿ ಚಿತ್ರಣದಲ್ಲಿ ಹೆಸರು ಗಳಿಸಿದರು. ಇಂಥವರ ಕೆಲಸವನ್ನು ನೋಡುವುದು, ಸಂಘದ ಪ್ರದರ್ಶನಗಳಿಗೆ ಹೋಗುವುದು, ತನ್ನ ಚಿತ್ರವನ್ನು ಹಿರಿಯರ ಮುಂದಿಟ್ಟು ತಪ್ಪು ಕೇಳುವುದು, ಇದಕ್ಕೆ ಬಸ್ಸಿನ ಚಾರ್ಜೊಂದೇ ಬಂಡವಾಳ.

ನಮ್ಮ ಕಾಲೇಜುಗಳಲ್ಲಿ ಒಂದೇ ಒಂದು ಕ್ಯಾಮೆರಾವನ್ನು, ಅದು ಕೈಬದಲಿಯದೇ ಆಗಿರಲಿ, ಹತ್ತು ಜನ ಸೇರಿ ಕೊಂಡು ಒಂದು ಛಾಯಾಗ್ರಹಣ ಕೂಟ ನಡೆಸಬಹುದು. ಒಂದು ವರ್ಷ ಹೊಲದಲ್ಲಿ, ಹುಳುಮನೆಯಲ್ಲಿ, ಸಂತೆಯಲ್ಲಿ, ಮಂಟಪದಲ್ಲಿ ಈ ಲೆಕ್ಕವನ್ನು ಕೈಯಾರೆ ಮಾಡಿ ನೋಡಿದವನಿಗೆ ತನಗೆ ಬೇಕಾದ ಸಾಮಾನು ಯಾವುದು, ಬೇಡವಾದದ್ದು ಯಾವುದು ಎಂಬುದು ತಾನಾಗಿ ತಿಳಿಯುತ್ತದೆ. ಆ ಮೇಲೆ ಅವನು ಅಂಗಡಿಗೆ ಹೋಗಲಿ. ತಾಯಿಯ ಒಡವೆ ಪೆಟ್ಟಿಗೆಯಲ್ಲಿಯೇ ಇರಲಿ.